ವಿವರಣಾತ್ಮಕ ಪ್ರಬಂಧ ಕಲಿಸುವುದು ಹೇಗೆ: ಹೈಸ್ಕೂಲ್ ಕನ್ನಡ ತರಗತಿಗೆ ಏಳು ಪಿರಿಯಡ್‌ಗಳ ಯೋಜನೆ

ಬೋರ್ಡಿನ ಮೇಲೆ 'ಕೆರೆಗಳ ಮಹತ್ವ' ಎಂದು ಬರೆದು ಪ್ರಬಂಧ ಬರೆಯಿರಿ ಎಂದರೆ, ಒಂಬತ್ತನೇ ತರಗತಿಯ ಬಹುಪಾಲು ನೋಟ್‌ಬುಕ್‌ಗಳಲ್ಲಿ ಮೊದಲ ವಾಕ್ಯ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: 'ಇಂದಿನ ಆಧುನಿಕ ಯುಗದಲ್ಲಿ ಕೆರೆಗಳು ತುಂಬಾ ಮಹತ್ವವನ್ನು ಪಡೆದಿವೆ.' ಕೊನೆಯ ವಾಕ್ಯವೂ ಒಂದೇ: 'ಆದ್ದರಿಂದ ನಾವೆಲ್ಲರೂ ಕೆರೆಗಳನ್ನು ಉಳಿಸಬೇಕು.' ನಡುವಿನ ಹದಿನೈದು ವಾಕ್ಯಗಳಲ್ಲಿ 'ಕೆರೆ' ತೆಗೆದು 'ಕಾಡು' ಎಂದು ಹಾಕಿ ಓದಿನೋಡಿ. ಪ್ರಬಂಧಕ್ಕೆ ಏನೂ ಆಗುವುದಿಲ್ಲ. ಕೆರೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ ಎಂದರ್ಥ.

ಮಗುವಿಗೆ ಕನ್ನಡ ಬಾರದೆ ಹೀಗಾಗುವುದಲ್ಲ. ಊರ ಕೆರೆ ತುಂಬಿ ಕೋಡಿ ಬಿದ್ದ ದಿನ ಏನೇನಾಯಿತು ಎಂದು ಅದೇ ಮಗುವನ್ನು ಕೇಳಿದರೆ ಹತ್ತು ನಿಮಿಷ ಎಲ್ಲೂ ತಡವರಿಸದೆ ಹೇಳುತ್ತದೆ. ಪ್ರಬಂಧ ಸೊರಗುವುದು ಬರೆಯುವ ಹೊತ್ತಿನಲ್ಲಲ್ಲ, ಬರೆಯುವ ಮೊದಲು. ಹೇಳಲು ಸರಕಿಲ್ಲದೆ ಕೂತವರು ಗೈಡ್‌ನಲ್ಲಿ ಬಾಯಿಪಾಠ ಮಾಡಿದ್ದನ್ನು ಇಳಿಸುತ್ತಾರೆ. ಅದಕ್ಕೇ ಕೆಳಗಿನ ಯೋಜನೆಯಲ್ಲಿ ಏಳರಲ್ಲಿ ಮೊದಲ ಮೂರು ಪಿರಿಯಡ್ ಮಕ್ಕಳು ಪ್ರಬಂಧದ ಒಂದು ಪ್ಯಾರಾವನ್ನೂ ಬರೆಯುವುದಿಲ್ಲ.

ಲೆಕ್ಕ ಹಾಕಿರುವುದು 40 ನಿಮಿಷದ ಪಿರಿಯಡ್‌ಗೆ, 40 ಮಕ್ಕಳಿರುವ ತರಗತಿಗೆ. ವಾರಕ್ಕೆ ಎರಡು ಅಥವಾ ಮೂರು ಪಿರಿಯಡ್ ತೆಗೆದಿಟ್ಟರೆ ಮೂರು ವಾರದಲ್ಲಿ ಮುಗಿಯುತ್ತದೆ. ಒಂದೇ ವಾರದಲ್ಲಿ ತುರುಕಬೇಡಿ. ಮಾಹಿತಿ ಕೂಡಿಸಲು ಮಕ್ಕಳಿಗೆ ನಡುವೆ ಒಂದು ಭಾನುವಾರ ಸಿಗಬೇಕು. ಉದಾಹರಣೆಗೆ ಉದ್ದಕ್ಕೂ ಕೆರೆಯನ್ನೇ ಇಟ್ಟುಕೊಂಡಿದೆ. ನಿಮ್ಮ ಊರಿಗೆ ಬೇರೆಯದು ಒಪ್ಪುತ್ತದೆ ಎಂದಾದರೆ ಬದಲಿಸಿಕೊಳ್ಳಿ.

ಮೊದಲು ಬಗೆ ಗುರುತಿಸಲಿ

ಮಕ್ಕಳ ತಲೆಯಲ್ಲಿ ಕಥೆ, ವರ್ಣನೆ, ಭಾಷಣ, ಪ್ರಬಂಧ ಎಲ್ಲವೂ ಕಲಸಿಹೋಗಿರುತ್ತವೆ. ವ್ಯಾಖ್ಯೆ ಬರೆಸುವುದಕ್ಕಿಂತ ಬೋರ್ಡಿನ ಮೇಲೆ ನಾಲ್ಕು ವಾಕ್ಯ ಬರೆದು ತೋರಿಸಿದರೆ ಬೇಗ ತಿಳಿಯುತ್ತದೆ.

'ಅಂದು ರಾತ್ರಿ ಕೆರೆಯ ಏರಿಯ ಮೇಲೆ ಲಾಟೀನು ಹಿಡಿದು ಅಪ್ಪ ಕಾವಲು ಕೂತಿದ್ದರು.' ಇದು ಕಥನ.
'ಸಂಜೆಯ ಕೆಂಪು ನೀರಿನ ಮೇಲೆ ಹಾಸಿದಂತಿತ್ತು.' ಇದು ವರ್ಣನೆ.
'ಕೆರೆಯಂಗಳದಲ್ಲಿ ಬಸ್ ನಿಲ್ದಾಣ ಕಟ್ಟುವುದು ತಪ್ಪು.' ಇದು ವಾದ.
'ಕೆರೆ ತುಂಬಿದ ಮೇಲೆ ಬರುವ ನೀರು ಕೋಡಿಯಿಂದ ಹೊರಬಿದ್ದು ಕೆಳಗಿನ ಕೆರೆಗೆ ಹೋಗುತ್ತದೆ.' ಇದು ವಿವರಣೆ.

ನಾಲ್ಕನೆಯದು ಓದುವವರನ್ನು ಒಪ್ಪಿಸಲು ಹೊರಟಿಲ್ಲ, ಅಳಿಸಲು ಹೊರಟಿಲ್ಲ. ಒಂದು ಸಂಗತಿ ಹೇಗೆ ನಡೆಯುತ್ತದೆ ಎಂದು ತಿಳಿಸುತ್ತಿದೆ, ಅಷ್ಟೆ. ನಮ್ಮ ಶಾಲೆಗಳಲ್ಲಿ ಈ ಬಗೆಯನ್ನು ಹೆಚ್ಚಾಗಿ ಕೆಡಿಸುವುದು ಬುದ್ಧಿವಾದ. 'ಉಳಿಸಬೇಕು', 'ಬೆಳೆಸಬೇಕು', 'ಜಾಗೃತರಾಗಬೇಕು' ಎಂದು ಬರೆದರೆ ಒಳ್ಳೆಯ ಪ್ರಬಂಧವಾಯಿತು ಎಂದು ಮಕ್ಕಳು ನಂಬಿದ್ದಾರೆ, ಏಕೆಂದರೆ ಅದಕ್ಕೆ ಇಷ್ಟು ದಿನ ಅಂಕ ಸಿಕ್ಕಿದೆ. ಆದ್ದರಿಂದ ಒಂದು ಸರಳ ತಪಾಸಣೆ ಕಲಿಸಿ: ಬರೆದದ್ದರಲ್ಲಿ 'ಬೇಕು' ಎಂದು ಮುಗಿಯುವ ಕ್ರಿಯಾಪದಗಳಿಗೆಲ್ಲ ಅಡಿಗೆರೆ ಎಳೆಯಿರಿ. ಓದುಗರಿಗೆ ಕೆಲಸ ಹೇಳುವ 'ಬೇಕು' ಪ್ರಬಂಧದಲ್ಲಿ ಒಂದಕ್ಕಿಂತ ಹೆಚ್ಚಿರಬಾರದು. 'ನೀರು ಗದ್ದೆಗೆ ಹೋಗಬೇಕಾದರೆ ತೂಬು ತೆರೆಯಬೇಕು' ಎಂಬಲ್ಲಿನ 'ಬೇಕು' ಬೇರೆ. ಅದು ಷರತ್ತು, ಅದು ಇರಲಿ. ಈ ವ್ಯತ್ಯಾಸವನ್ನು ಮಕ್ಕಳೇ ಕಂಡುಹಿಡಿದು ವಾದ ಮಾಡಿದರೆ ಆ ಪಿರಿಯಡ್ ಸಾರ್ಥಕ.

ಪಿರಿಯಡ್ 1: ವಿಷಯವನ್ನು ಪ್ರಶ್ನೆಯಾಗಿ ತಿರುಗಿಸುವುದು

'ಕೆರೆಗಳ ಮಹತ್ವ' ಪ್ರಶ್ನೆಯಲ್ಲ, ತಲೆಬರಹ. ತಲೆಬರಹಕ್ಕೆ ಉತ್ತರ ಬರೆಯಲು ಯಾರಿಂದಲೂ ಆಗುವುದಿಲ್ಲ. ಮೊದಲ ಕೆಲಸ ಅದನ್ನು 'ಹೇಗೆ', 'ಏಕೆ', 'ಏನು ವ್ಯತ್ಯಾಸ' ಎಂಬ ಮೂರರಲ್ಲಿ ಒಂದಕ್ಕೆ ಕಟ್ಟುವುದು.

ಮಳೆಗಾಲದ ನೀರನ್ನು ಕೆರೆ ಬೇಸಿಗೆಯವರೆಗೆ ಹಿಡಿದಿಟ್ಟುಕೊಳ್ಳುವುದು ಹೇಗೆ? ಕೆರೆಯಲ್ಲಿ ನೀರಿದ್ದರೆ ಸುತ್ತಲಿನ ಬಾವಿಗಳಲ್ಲೂ ನೀರು ಏರುವುದೇಕೆ? ಕೆರೆ ನೀರಾವರಿಗೂ ಕೊಳವೆಬಾವಿ ನೀರಾವರಿಗೂ ಏನು ವ್ಯತ್ಯಾಸ? ಮೂರೂ ಬೇರೆ ಬೇರೆ ಪ್ರಬಂಧ. ಒಂದು ಪ್ರಬಂಧಕ್ಕೆ ಒಂದೇ ಪ್ರಶ್ನೆ.

ಬೆಂಗಳೂರಿನ ಮಕ್ಕಳಿಗೆ ಊರ ಕೆರೆಯ ಪರಿಚಯ ಇರದಿದ್ದರೂ ಪ್ರಶ್ನೆಗೆ ಬರಗಾಲವಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ ಇದ್ದ ಜಾಗದಲ್ಲಿ. ಕೆರೆ ಹೋದ ಮೇಲೆ ಅಲ್ಲಿಗೆ ಬರುತ್ತಿದ್ದ ಮಳೆನೀರು ಎಲ್ಲಿಗೆ ಹೋಗುತ್ತದೆ? ಈ ಒಂದು ಪ್ರಶ್ನೆಯಲ್ಲಿ ಎರಡು ಪುಟದ ಪ್ರಬಂಧ ಕೂತಿದೆ. ಮಂಡ್ಯದ ಕಡೆ ಆಲೆಮನೆಯಲ್ಲಿ ಕಬ್ಬಿನ ಹಾಲು ಬೆಲ್ಲವಾಗುವುದು ಹೇಗೆ, ಇಳಕಲ್ಲಿನಲ್ಲಿ ಸೀರೆಯ ಮೈಗೆ ಸೆರಗನ್ನು ಜೋಡಿಸುವುದು ಹೇಗೆ, ರಾಮನಗರದಲ್ಲಿ ರೇಷ್ಮೆಗೂಡಿನ ಬೆಲೆ ನಿಗದಿಯಾಗುವುದು ಹೇಗೆ, ಶಿರಸಿಯಲ್ಲಿ ಚಾಲಿ ಅಡಿಕೆಗೂ ಕೆಂಪಡಿಕೆಗೂ ಏನು ವ್ಯತ್ಯಾಸ: ಆಯಾ ಊರಿನ ಮಕ್ಕಳಿಗೆ ಇವುಗಳಿಗೆ ಉತ್ತರ ಬಲ್ಲವರು ನಡೆದು ಹೋಗುವಷ್ಟು ದೂರದಲ್ಲೇ ಇದ್ದಾರೆ. ಪ್ರಶ್ನೆ ಆರಿಸುವಾಗ ನೋಡಬೇಕಾದ ದೊಡ್ಡ ಅಂಶ ಅದೇ. ಇನ್ನೊಂದು, ಉತ್ತರ ಮೂರು ನಾಲ್ಕು ಭಾಗಗಳಾಗಿ ಒಡೆಯುವಂತಿರಬೇಕು. 'ಹೌದು', 'ಇಲ್ಲ' ಎಂದು ಮುಗಿಯುವ ಪ್ರಶ್ನೆ ಬೇಡ, ಹತ್ತು ಭಾಗವಾಗುವ ಪ್ರಶ್ನೆಯೂ ಬೇಡ.

ಮೊದಲ ಸಲ ಇಡೀ ತರಗತಿಗೆ ಒಂದೇ ಪ್ರಶ್ನೆ ಕೊಡಿ. ಎಲ್ಲರೂ ಒಂದೇ ವಿಷಯದ ಮೇಲೆ ಇದ್ದಾಗ ಮಾತ್ರ ಒಬ್ಬರ ಪ್ಯಾರಾವನ್ನು ಬೋರ್ಡಿಗೆ ತಂದು ಎಲ್ಲರೂ ಸೇರಿ ತಿದ್ದಲು ಸಾಧ್ಯ. ಸ್ವಂತ ಪ್ರಶ್ನೆ ಎರಡನೇ ಪ್ರಬಂಧಕ್ಕೆ ಇರಲಿ.

ಪಿರಿಯಡ್ 2: ಸರಕು ಕೂಡಿಸುವುದು

ನೋಟ್‌ಬುಕ್‌ನ ಎದುರುಬದುರು ಎರಡು ಪುಟ ತೆರೆದು ಮೂರು ಕಂಬಸಾಲು ಎಳೆಸಿ. ಮೊದಲನೆಯದರಲ್ಲಿ ತಿಳಿದ ಸಂಗತಿ, ಎರಡನೆಯದರಲ್ಲಿ ಅದು ಗೊತ್ತಾದದ್ದು ಯಾರಿಂದ ಅಥವಾ ಎಲ್ಲಿಂದ, ಮೂರನೆಯದರಲ್ಲಿ ಇನ್ನೂ ಕೇಳಬೇಕಾದದ್ದು. ತರಗತಿಯಲ್ಲಿ 20 ನಿಮಿಷ ಬಾಯಿಮಾತಿನಲ್ಲಿ ಹೇಳಿಸಿ, ಗೊತ್ತಿರುವುದನ್ನೆಲ್ಲ ತುಂಬಿಸಿ. ಮೂರನೇ ಸಾಲು ತಾನಾಗಿ ಬೆಳೆಯುತ್ತದೆ: ತೂಬನ್ನು ಯಾರು ತೆರೆಯುತ್ತಾರೆ? ಏರಿಯ ಒಳಮೈಗೆ ಕಲ್ಲು ಹೊದಿಸಿರುವುದೇಕೆ? ಹೂಳು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗಳನ್ನು ಹಿಡಿದು ಮಕ್ಕಳು ಮನೆಗೆ ಹೋಗಲಿ. ಕೆರೆಯ ನೀರು ಬಿಡುವ ನೀರುಗಂಟಿಯವರು, ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆ ನೀರು ಹರಿಯುವ ಜಮೀನಿನಲ್ಲಿ, ಗದ್ದೆ ಮಾಡುವ ಚಿಕ್ಕಪ್ಪ, ಹಳೆಯದನ್ನು ಬಲ್ಲ ಅಜ್ಜಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಸಮಾಜ ವಿಜ್ಞಾನದ ಪಠ್ಯಪುಸ್ತಕ, ಎಲ್ಲವೂ ಆಕರವೇ. ಕೆರೆಗೆ ಕರೆದುಕೊಂಡು ಹೋಗುವುದಾದರೆ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಇನ್ನೂ ಇಬ್ಬರು ದೊಡ್ಡವರನ್ನು ಜೊತೆಗಿಟ್ಟುಕೊಂಡು ಹೋಗಿ. ಏರಿಯ ಮೇಲಿಂದಲೇ ನೋಡಲಿ, ನೀರಿಗೆ ಯಾರೂ ಇಳಿಯುವುದು ಬೇಡ.

ಒಬ್ಬೊಬ್ಬರೂ 20 ಸಂಗತಿ ತರಲಿ. ಪ್ರಬಂಧಕ್ಕೆ ಬಳಕೆಯಾಗುವುದು 10ರಿಂದ 12. ಬೇಕಾದ್ದಕ್ಕಿಂತ ಹೆಚ್ಚು ಕೈಯಲ್ಲಿದ್ದರೆ ಮಾತ್ರ ಆರಿಸುವ ಸುಖ ಗೊತ್ತಾಗುತ್ತದೆ. ಎಂಟೇ ಇದ್ದರೆ ಉಳಿದ ಜಾಗವನ್ನು ಗಾದೆ ಮಾತು, ಘೋಷಣೆಗಳಿಂದ ತುಂಬಿಸುತ್ತಾರೆ.

ಇಲ್ಲಿ ಕಾಣುವ ತಪ್ಪುಗಳು ಹೆಚ್ಚಾಗಿ ಮೂರು. ಸಂಗತಿಯ ಸಾಲಿನಲ್ಲಿ ಅಭಿಪ್ರಾಯ ಬಂದಿರುತ್ತದೆ: 'ನಮ್ಮ ಕೆರೆ ತುಂಬಾ ಸುಂದರವಾಗಿದೆ.' ಅದನ್ನು ಅಳಿಸಬೇಡಿ, 'ಏನು ಕಂಡಿದ್ದರಿಂದ ಹಾಗನ್ನಿಸಿತು?' ಎಂದು ಕೇಳಿ. ಚಳಿಗಾಲದಲ್ಲಿ ಕೊಕ್ಕರೆ ಬರುತ್ತವೆ ಎಂಬ ಉತ್ತರ ಬಂದರೆ ಒಂದು ಸಂಗತಿ ಸಿಕ್ಕಿತು. ಎರಡನೆಯದು, ಅಂಕಿಸಂಖ್ಯೆ. ಮೊಬೈಲ್‌ನಲ್ಲಿ ಕಂಡ ಸಂಖ್ಯೆಯನ್ನೆಲ್ಲ ಮಕ್ಕಳು ತರುತ್ತಾರೆ. ಎರಡು ಬೇರೆ ಬೇರೆ ಆಕರಗಳಲ್ಲಿ ಒಂದೇ ಸಂಖ್ಯೆ ಸಿಗದಿದ್ದರೆ ಅದು ಪ್ರಬಂಧಕ್ಕೆ ಬೇಡ ಎಂಬ ನಿಯಮ ಮಾಡಿ. ಮೂರನೆಯದು, ಇದ್ದದ್ದನ್ನು ಇದ್ದಂತೆಯೇ ನಕಲು ಮಾಡುವುದು. ಪುಸ್ತಕವಾಗಲಿ ಪರದೆಯಾಗಲಿ, ಓದಿ, ಮುಚ್ಚಿಟ್ಟು, ಆಮೇಲೆ ಬರೆಯಲಿ. ತೆರೆದಿಟ್ಟುಕೊಂಡು ಬರೆದದ್ದು ಗೊತ್ತಾಗುವುದು ಕಷ್ಟವಲ್ಲ. 'ಜಲಾನಯನ ಪ್ರದೇಶ ಎಂದರೆ ಏನಪ್ಪಾ?' ಎಂದು ಕೇಳಿದರೆ ಸಾಕು.

ಇದೇ ಪಿರಿಯಡ್‌ನಲ್ಲಿ ಪದಗಳನ್ನೂ ಕೂಡಿಸಿ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ಹೂಳು, ಪೋಷಕ ಕಾಲುವೆ. ವಿವರಣೆ ಗಟ್ಟಿಯಾಗುವುದು ಇಂಥ ಪದಗಳಿಂದ. ಇವನ್ನು ಅರ್ಥದ ಪಟ್ಟಿಯಾಗಿ ಬರೆಸದೆ, ಹೆಸರು ಬಂದ ವಾಕ್ಯದಲ್ಲೇ ಅದರ ಕೆಲಸವೂ ಬರುವಂತೆ ಬರೆಸಿ: 'ಏರಿಯ ಬುಡದಲ್ಲಿರುವ ತೂಬನ್ನು ಎತ್ತಿದರೆ ನೀರು ಕಾಲುವೆಗೆ ಇಳಿಯುತ್ತದೆ.' ನಿಮ್ಮ ಕಡೆ ಏರಿಗೆ ಕಟ್ಟೆ ಅಥವಾ ಒಡ್ಡು ಎನ್ನುತ್ತಾರಾದರೆ ಹಾಗೆಯೇ ಇರಲಿ. ಮನೆಯಲ್ಲಿ ತುಳು, ಉರ್ದು, ಕೊಂಕಣಿ, ಲಂಬಾಣಿ ಆಡುವ ಮಕ್ಕಳು ಮನೆಮಾತಿನ ಪದವನ್ನು ಮೊದಲು ಹೇಳಿ ಆಮೇಲೆ ಕನ್ನಡದ ಪದ ಹುಡುಕಲಿ. ಪದ ಸಿಗಲಿಲ್ಲವೆಂದು ಸಂಗತಿಯೇ ಬಿಟ್ಟುಹೋಗಬಾರದು.

ಪಿರಿಯಡ್ 3: ಚೀಟಿ ಹರಡಿ ಜೋಡಿಸುವುದು

ಒಂದು ಹಾಳೆಯನ್ನು ಎಂಟು ತುಂಡು ಮಾಡಿದರೆ ಒಂದೊಂದು ಚೀಟಿಗೆ ಒಂದು ಸಂಗತಿ ಹಿಡಿಸುತ್ತದೆ. ಬಳಸಿದ ಹಾಳೆಯ ಹಿಂಬದಿಯೇ ಸಾಕು. ನಾಲ್ಕು ಮಂದಿಯ ಗುಂಪುಗಳಾಗಿ ನೆಲದ ಮೇಲೆ ಕೂರಿಸಿ, ಎಲ್ಲರ ಚೀಟಿ ಹರಡಿಸಿ. ಒಂದೇ ಸಂಗತಿಯ ಚೀಟಿಗಳು ಒಂದರ ಮೇಲೊಂದು ಬೀಳಲಿ. ಒಂದಕ್ಕೊಂದು ಸೇರುವಂಥವು ಪಕ್ಕಪಕ್ಕ ಬರಲಿ. 15 ನಿಮಿಷದಲ್ಲಿ ಮೂರು ನಾಲ್ಕು ಗುಡ್ಡೆಗಳಾಗುತ್ತವೆ.

ಈಗ ಒಂದೊಂದು ಗುಡ್ಡೆಗೂ ಹೆಸರು ಇಡಬೇಕು. ಹೆಸರು ಪದವಾಗಿರಬಾರದು, ಪೂರ್ತಿ ವಾಕ್ಯವಾಗಿರಬೇಕು. 'ಹೂಳು' ಎಂದು ಬರೆದರೆ ಆ ಪ್ಯಾರಾದಲ್ಲಿ ಹೂಳಿನ ಬಗ್ಗೆ ಏನು ಬೇಕಾದರೂ ಬರಬಹುದು. 'ಹೂಳು ತುಂಬಿದಷ್ಟೂ ಕೆರೆಯಲ್ಲಿ ನೀರಿಗೆ ಜಾಗ ಕಡಿಮೆಯಾಗುತ್ತದೆ' ಎಂದು ಬರೆದರೆ ಪ್ಯಾರಾಕ್ಕೆ ದಾರಿ ಸಿಕ್ಕಿತು. ಈ ವಾಕ್ಯವೇ ಮುಂದೆ ಪ್ಯಾರಾದ ಮೊದಲ ವಾಕ್ಯ.

ಗುಡ್ಡೆಗಳ ಅನುಕ್ರಮವನ್ನು ವಿಷಯವೇ ಹೇಳಿಕೊಡುತ್ತದೆ. ಕೆರೆಗಾದರೆ ನೀರು ಹೋದ ದಾರಿಯಲ್ಲೇ ಹೋಗಿ: ಮಳೆನೀರು ಪೋಷಕ ಕಾಲುವೆಯಲ್ಲಿ ಬಂದದ್ದು, ಏರಿಗೆ ತಡೆದು ನಿಂತದ್ದು, ತೂಬಿನಿಂದ ಗದ್ದೆಗೆ ಹರಿದದ್ದು, ಹೆಚ್ಚಾದದ್ದು ಕೋಡಿಯಿಂದ ಕೆಳಗಿನ ಕೆರೆಗೆ ಹೋದದ್ದು. ಬೆಲ್ಲಕ್ಕಾದರೆ ಕೆಲಸದ ಕ್ರಮ. ವ್ಯತ್ಯಾಸದ ಪ್ರಶ್ನೆಗಾದರೆ ಒಂದೊಂದು ಅಂಶಕ್ಕೂ ಎರಡನ್ನೂ ಎದುರುಬದುರು ಇಡುವುದು. ಮೊದಲ ಅರ್ಧದಲ್ಲಿ ಕೆರೆ, ಉಳಿದರ್ಧದಲ್ಲಿ ಕೊಳವೆಬಾವಿ ಎಂದು ಬರೆದರೆ ಹೋಲಿಸುವ ಕೆಲಸ ಓದುಗರ ತಲೆಗೆ ಬೀಳುತ್ತದೆ.

ಯಾವ ಗುಡ್ಡೆಗೂ ಸೇರದ ಐದಾರು ಚೀಟಿ ಖಂಡಿತ ಉಳಿಯುತ್ತವೆ. ಅವನ್ನು ಪಕ್ಕಕ್ಕಿಡಿಸುವುದು ಇಡೀ ಯೋಜನೆಯಲ್ಲಿ ಮಕ್ಕಳಿಗೆ ಅತ್ಯಂತ ಕಷ್ಟದ ಕೆಲಸ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರ ಎಂಬ ಹೆಸರೂ ಇದೆ ಎಂದು ಒಬ್ಬರು ಕಷ್ಟಪಟ್ಟು ಹುಡುಕಿ ತಂದಿರುತ್ತಾರೆ. ನಿಜ, ಸೊಗಸಾದ ಸಂಗತಿ. ಆದರೆ ನೀರು ಉಳಿಯುವುದು ಹೇಗೆ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ನೋಟ್‌ಬುಕ್‌ನ ಕೊನೆಯಲ್ಲಿ 'ಮುಂದಿನ ಪ್ರಬಂಧಕ್ಕೆ' ಎಂದು ಒಂದು ಪುಟ ಮೀಸಲಿಟ್ಟು ಅಲ್ಲಿ ಅಂಟಿಸಿದರೆ ಬಿಡುವ ನೋವು ಕಡಿಮೆಯಾಗುತ್ತದೆ.

ಪಿರಿಯಡ್ ಮುಗಿಯುವ ಮೊದಲು ಪ್ರತಿಯೊಬ್ಬರೂ ತಮ್ಮ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ ಬರೆಯಲಿ. ಇದನ್ನು ತಿರುಳು ವಾಕ್ಯ ಎಂದು ಕರೆಯೋಣ. 'ಪೋಷಕ ಕಾಲುವೆ ತೆರೆದಿದ್ದು, ಏರಿ ಗಟ್ಟಿಯಾಗಿದ್ದು, ತೂಬು ಮತ್ತು ಕೋಡಿ ಕೆಲಸ ಮಾಡುತ್ತಿದ್ದರೆ ಮಾತ್ರ ಮಳೆಗಾಲದ ನೀರು ಬೇಸಿಗೆಯವರೆಗೆ ಕೆರೆಯಲ್ಲಿ ಉಳಿಯುತ್ತದೆ.' ಈ ವಾಕ್ಯದಲ್ಲೇ ಮೂರು ನಾಲ್ಕು ಪ್ಯಾರಾಗಳ ನಕ್ಷೆ ಇದೆ. ಈ ವಾಕ್ಯ ಬರೆಯಲಾಗದವರಿಗೆ ಇನ್ನೂ ವಿಷಯ ತಿಳಿದಿಲ್ಲ. ಅವರನ್ನು ಚೀಟಿಗಳ ಬಳಿಗೇ ಮರಳಿಸಿ.

ಪಿರಿಯಡ್ 4 ಮತ್ತು 5: ಪ್ಯಾರಾ

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ. ಒಂದು ಪ್ಯಾರಾ ಸರಿಯಾಗಿ ಬರೆಯಲು ಬಂದರೆ ಪ್ರಬಂಧ ಬಂದ ಹಾಗೆಯೇ.

ನಾಲ್ಕನೇ ಪಿರಿಯಡ್ ಪೂರ್ತಿ ಒಂದೇ ಪ್ಯಾರಾಕ್ಕೆ ಮೀಸಲಿಡಿ. ಸಾಮಾನ್ಯವಾಗಿ ಬರುವ ಬರಹ ಹೀಗಿರುತ್ತದೆ:

'ಕೆರೆಗೆ ಕೋಡಿ ತುಂಬಾ ಮುಖ್ಯವಾದದ್ದು. ಕೋಡಿಯನ್ನು ಹಿಂದಿನ ಕಾಲದಲ್ಲಿ ನಿರ್ಮಿಸಲಾಗಿದೆ. ಕೋಡಿಯಿಂದ ಅನೇಕ ಉಪಯೋಗಗಳು ಇದೆ. ಕೋಡಿ ಬಿದ್ದಾಗ ಜನರು ಸಂತೋಷ ಪಡುತ್ತಾರೆ. ಆದ್ದರಿಂದ ಕೋಡಿಯನ್ನು ಕಾಪಾಡಬೇಕು.'

ಇದನ್ನು ಬೋರ್ಡಿನ ಮೇಲೆ ಬರೆದು, ತಪ್ಪು ಹೇಳದೆ, ವಾಕ್ಯವಾಕ್ಯಕ್ಕೂ ಪ್ರಶ್ನೆ ಕೇಳುತ್ತಾ ಹೋಗಿ. ಮುಖ್ಯ ಎಂದೆಯಲ್ಲ, ಕೋಡಿ ಇಲ್ಲದಿದ್ದರೆ ಏನಾಗುತ್ತದೆ? ನಿರ್ಮಿಸಿದ್ದಾರೆ ಸರಿ, ಎಲ್ಲಿ, ಯಾವುದರಿಂದ? ಅನೇಕ ಉಪಯೋಗ ಅಂದರೆ ಎಷ್ಟು, ಎರಡನ್ನು ಹೇಳು ನೋಡೋಣ. ಕಾಪಾಡುವುದು ಎಂದರೆ ಯಾರು ಏನು ಮಾಡುವುದು? ಮಕ್ಕಳು ಹೇಳಿದ ಉತ್ತರವನ್ನೇ ಕೆಳಗೆ ಬರೆದುಕೊಳ್ಳುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಬೋರ್ಡಿನ ಮೇಲೆ ಇಂಥದೊಂದು ಪ್ಯಾರಾ ನಿಂತಿರುತ್ತದೆ:

'ಕೆರೆ ತುಂಬಿದ ಮೇಲೂ ಮಳೆ ನಿಲ್ಲದಿದ್ದರೆ ಹೆಚ್ಚಾದ ನೀರು ಹೊರಹೋಗುವ ದಾರಿ ಕೋಡಿ. ಇದನ್ನು ಏರಿಯ ಒಂದು ತುದಿಯಲ್ಲಿ, ಏರಿಯ ನೆತ್ತಿಗಿಂತ ತಗ್ಗಾಗಿ, ಕಲ್ಲಿನಿಂದ ಕಟ್ಟಿರುತ್ತಾರೆ. ನೀರು ಕೋಡಿಯ ಮಟ್ಟಕ್ಕೆ ಬಂದೊಡನೆ ಅಲ್ಲಿಂದ ಹರಿದು, ಹಳ್ಳ ಹಿಡಿದು, ಕೆಳಗಿನ ಊರಿನ ಕೆರೆ ಸೇರುತ್ತದೆ. ಕೋಡಿಗೆ ಅಡ್ಡ ಹಾಕಿದರೆ ನೀರು ಏರಿಯ ಮೇಲೆಯೇ ಹರಿಯುತ್ತದೆ. ಏರಿ ಮಣ್ಣಿನದಾದ್ದರಿಂದ ಮೇಲೆ ಹರಿದ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ, ಏರಿ ಒಡೆಯುತ್ತದೆ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಕೋಡಿಯಲ್ಲಿ ಬೆಳೆದ ಗಿಡಗಂಟಿಗಳನ್ನು ತೆಗೆಯುತ್ತಾರೆ.'

ಕೊನೆಯ ವಾಕ್ಯವನ್ನು ಮಕ್ಕಳ ಕಣ್ಣಿಗೆ ಬೀಳುವಂತೆ ಮಾಡಿ. 'ತೆಗೆಯಬೇಕು' ಎಂದಿಲ್ಲ, 'ತೆಗೆಯುತ್ತಾರೆ' ಎಂದಿದೆ. ಕಾರಣ ಮೊದಲೇ ತಿಳಿದಿರುವುದರಿಂದ ಬುದ್ಧಿವಾದ ಹೇಳುವ ಅಗತ್ಯವೇ ಬೀಳಲಿಲ್ಲ. ಪ್ಯಾರಾದ ಒಳಗಿನ ನಡೆಯನ್ನೂ ತೋರಿಸಿ: ಇದು ಏನು, ಎಲ್ಲಿರುತ್ತದೆ, ಹೇಗೆ ಕೆಲಸ ಮಾಡುತ್ತದೆ, ಕೆಲಸ ಮಾಡದಿದ್ದರೆ ಏನಾಗುತ್ತದೆ. ಆರು ವಾಕ್ಯ. ಐದಕ್ಕಿಂತ ಕಡಿಮೆಯಾದರೆ ವಿವರಣೆ ಅರ್ಧಕ್ಕೇ ನಿಂತಿರುತ್ತದೆ, ಎಂಟು ದಾಟಿದರೆ ಬಹುಶಃ ಎರಡು ವಿಷಯ ಸೇರಿಕೊಂಡಿರುತ್ತವೆ.

ಐದನೇ ಪಿರಿಯಡ್‌ನಲ್ಲಿ ಅದೇ ನಡೆಯಲ್ಲಿ ತೂಬಿನ ಪ್ಯಾರಾವನ್ನು ಒಬ್ಬೊಬ್ಬರೇ ಬರೆಯಲಿ. ಉಳಿದ ಪ್ಯಾರಾಗಳು ಮನೆಗೆಲಸ. ಬರೆಯಲು ಹೆಣಗುವ ಮಕ್ಕಳನ್ನು ಪಕ್ಕಕ್ಕೆ ಕರೆದು ಮೊದಲು ಬಾಯಲ್ಲಿ ಹೇಳಿಸಿ, ಹೇಳಿದ್ದನ್ನು ಜೊತೆಯವರೊಬ್ಬರು ಬರೆದುಕೊಳ್ಳಲಿ, ಆಮೇಲೆ ಅವರೇ ಅದನ್ನು ತಿದ್ದಿ ಬರೆದುಕೊಳ್ಳಲಿ. ಈ ಮಕ್ಕಳಿಗೆ ಮೂರು ಪ್ಯಾರಾ ಬೇಡ, ಎರಡು ಸಾಕು. ಆದರೆ ಎರಡೂ ಅವರದೇ ಆಗಿರಲಿ.

ವಾಕ್ಯದ ಮಟ್ಟದಲ್ಲಿ ನಾಲ್ಕು ವಿಷಯ ಇದೇ ಹೊತ್ತಿಗೆ ಹೇಳಿಕೊಡಬಹುದು, ವ್ಯಾಕರಣದ ಪಾಠಕ್ಕೂ ಅದರಿಂದ ಜೀವ ಬರುತ್ತದೆ. ಒಂದು, ಕರ್ಮಣಿ ಪ್ರಯೋಗ. 'ನಿರ್ಮಿಸಲಾಗಿದೆ', 'ಬಳಸಲ್ಪಡುತ್ತದೆ' ಎಂದು ಬಂದಲ್ಲೆಲ್ಲ 'ಯಾರು?' ಎಂದು ಕೇಳಿ, ಕರ್ತರಿಗೆ ತಿರುಗಿಸಿ. 'ನೀರುಗಂಟಿ ತೂಬು ತೆರೆಯುತ್ತಾರೆ' ಎಂದಾಗ ಒಬ್ಬ ಮನುಷ್ಯ ಕಾಣಿಸುತ್ತಾನೆ. 'ತೂಬನ್ನು ತೆರೆಯಲಾಗುತ್ತದೆ' ಎಂದಾಗ ಯಾರೂ ಕಾಣುವುದಿಲ್ಲ. ಎರಡು, ಕೃದಂತಾವ್ಯಯಗಳ ಸರಪಣಿ. 'ಮಳೆ ಬಂದು ಕೆರೆ ತುಂಬಿ ತೂಬು ತೆರೆದು ನೀರು ಹರಿದು ರೈತರು ನಾಟಿ ಮಾಡಿ' ಎಂದು ಮಾತಿನಲ್ಲಿ ಸಲೀಸಾಗಿ ಹೋಗುತ್ತದೆ. ಬರವಣಿಗೆಯಲ್ಲಿ ಯಾರು ಏನು ಮಾಡಿದರು ಎಂಬುದು ಕೈತಪ್ಪುತ್ತದೆ. ಕರ್ತೃ ಬದಲಾದಲ್ಲಿ ವಾಕ್ಯ ಮುಗಿಯಲಿ. ಮೂರು, 'ಆದ್ದರಿಂದ'. ಈ ಪದದ ಹಿಂದಿನ ವಾಕ್ಯದಲ್ಲಿ ನಿಜವಾಗಿ ಕಾರಣ ಇದೆಯೇ ಎಂದು ನೋಡುವುದು; ಇಲ್ಲದಿದ್ದರೆ ಅದನ್ನು ಹೊಡೆದುಹಾಕುವುದು. ನಾಲ್ಕು, 'ತುಂಬಾ', 'ಅನೇಕ', 'ವಿವಿಧ', 'ಮುಂತಾದ'. ಒಂದೊಂದರ ಜಾಗದಲ್ಲೂ ಒಂದು ಹೆಸರೋ ಸಂಖ್ಯೆಯೋ ಬರಬಲ್ಲದೇ ಎಂದು ಹುಡುಕಲಿ.

ಪಿರಿಯಡ್ 6: ಪೀಠಿಕೆ, ಉಪಸಂಹಾರ

ಪೀಠಿಕೆಯನ್ನು ಮೊದಲು ಬರೆಸುವುದು ನಮ್ಮಲ್ಲಿ ರೂಢಿ. ಇನ್ನೂ ಹೇಳದಿರುವುದಕ್ಕೆ ಮುನ್ನುಡಿ ಬರೆಯಿರಿ ಎಂದಾಗಲೇ 'ಆಧುನಿಕ ಯುಗ' ಮತ್ತು 'ಅನಾದಿ ಕಾಲ' ಬರುವುದು. ಪ್ಯಾರಾಗಳೆಲ್ಲ ಮುಗಿದ ಮೇಲೆ ಬರೆಸಿ. ಈ ಎರಡು ಆರಂಭಗಳು ಒಂದು ತಿಂಗಳ ಮಟ್ಟಿಗೆ ತರಗತಿಯಲ್ಲಿ ನಿಷೇಧ ಎಂದು ಹೇಳಿಬಿಡಿ.

ನಾಲ್ಕು ವಾಕ್ಯ ಸಾಕು: ಕಣ್ಣಿಗೆ ಕಟ್ಟುವ ಒಂದು ಸಂಗತಿ, ಅದರಿಂದ ಏಳುವ ಪ್ರಶ್ನೆ, ಕೊನೆಗೆ ತಿರುಳು ವಾಕ್ಯ. 'ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಆದರೂ ಇಲ್ಲಿನ ಊರುಗಳು ನೂರಾರು ವರ್ಷ ಬೇಸಾಯ ಮಾಡಿಕೊಂಡು ಬಂದಿವೆ. ಕೆಲವೇ ತಿಂಗಳು ಬೀಳುವ ಮಳೆಯ ನೀರು ಬೇಸಿಗೆಗೆ ಉಳಿಯುತ್ತಿದ್ದದ್ದು ಹೇಗೆ?' ಇದಾದ ಮೇಲೆ ಮೂರನೇ ಪಿರಿಯಡ್‌ನಲ್ಲಿ ಬರೆದ ತಿರುಳು ವಾಕ್ಯವನ್ನು ಇಟ್ಟರೆ ಪೀಠಿಕೆ ಮುಗಿಯಿತು.

ಉಪಸಂಹಾರ ಎರಡು ಮೂರು ವಾಕ್ಯ. ಹೇಳಿದ್ದನ್ನೇ ಮತ್ತೆ ಹೇಳುವುದಲ್ಲ, ತಿಳಿದದ್ದನ್ನು ಇನ್ನೊಂದು ಕಡೆ ಇಟ್ಟು ನೋಡುವುದು. ಉದಾಹರಣೆಗೆ: '2018ರಿಂದ ಬೆಂಗಳೂರಿನಲ್ಲಿ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಒಂದು ಕೆರೆ ತುಂಬಿದ ಮೇಲೆ ಆ ನೀರು ಕೋಡಿಯಿಂದ ಮುಂದಿನ ಕೆರೆಗೆ ಹೋಗುತ್ತದೆ. ನೀರು ಹೊಸದು, ದಾರಿ ಹಳೆಯದು.' ಇಂಥದ್ದು ಎಲ್ಲ ಮಕ್ಕಳಿಗೂ ಮೊದಲ ಸಲಕ್ಕೆ ಬರುವುದಿಲ್ಲ. ಬಾರದಿದ್ದರೆ ಕೊನೆಯ ಪ್ಯಾರಾದಲ್ಲೇ ಪ್ರಬಂಧ ನಿಲ್ಲಲಿ. ಘೋಷವಾಕ್ಯ ಅಂಟಿಸುವುದಕ್ಕಿಂತ ಅದು ಮೇಲು.

ಪಿರಿಯಡ್ 7: ತಿದ್ದುವುದು

ಇಬ್ಬಿಬ್ಬರು ಜೊತೆಯಾಗಿ ಕೂತು, ಬರೆದವರಲ್ಲ, ಜೊತೆಯವರು ಗಟ್ಟಿಯಾಗಿ ಓದಲಿ. ಓದುವಾಗ ನಾಲಿಗೆ ತಡೆದ ಕಡೆ ಪೆನ್ಸಿಲ್‌ನಿಂದ ಒಂದು ಚುಕ್ಕೆ. ತಡೆದ ವಾಕ್ಯಗಳಲ್ಲಿ ಹೆಚ್ಚಿನವು ಉದ್ದವಾದವು ಅಥವಾ ಕರ್ತೃ ಕಳೆದುಹೋದವು. ಎರಡನೇ ಸುತ್ತಿನಲ್ಲಿ ಪದ ಬದಲಿಸುವ ಪರೀಕ್ಷೆ: ಕೆರೆ ಎಂಬಲ್ಲಿ ಕಾಡು ಎಂದು ಹಾಕಿ ಓದುವುದು. ಬದಲಿಸಿದರೂ ಸರಿಯಾಗಿಯೇ ಕೇಳುವ ವಾಕ್ಯಕ್ಕೆ ಅಡ್ಡಗೆರೆ. ಮಕ್ಕಳಿಗೆ ಇದು ಬಹಳ ಇಷ್ಟವಾಗುತ್ತದೆ, ತಮ್ಮ ವಾಕ್ಯವನ್ನು ತಾವೇ ಹೊಡೆದುಹಾಕುವ ಧೈರ್ಯವೂ ಬರುತ್ತದೆ.

ಕಾಗುಣಿತ ಕೊನೆಗೆ. ಮೊದಲೇ ಹಿಡಿದರೆ ಮಕ್ಕಳು ತಪ್ಪಾದೀತೆಂದು ಗೊತ್ತಿರುವ ಸುಲಭ ಪದಗಳನ್ನೇ ಬಳಸುತ್ತಾರೆ, 'ಅಚ್ಚುಕಟ್ಟು' ಬರೆಯಲು ಹೆದರಿ 'ಜಮೀನು' ಎಂದುಬಿಡುತ್ತಾರೆ. ಬಹುವಚನಕ್ಕೆ ಏಕವಚನದ ಕ್ರಿಯಾಪದ ('ಕೆರೆಗಳು ಇದೆ'), ಅಕಾರ ಹಕಾರಗಳ ಅದಲುಬದಲು ('ಅಳ್ಳಿ', 'ಹಾದರೆ'), ಅಲ್ಪಪ್ರಾಣ ಮಹಾಪ್ರಾಣ, ಲ ಮತ್ತು ಳ, ನ ಮತ್ತು ಣ: ಹೆಚ್ಚಿನ ತಪ್ಪುಗಳು ಇಷ್ಟರೊಳಗೇ ಇರುತ್ತವೆ. ಒಬ್ಬೊಬ್ಬರ ತಪ್ಪೂ ಒಂದೊಂದು ಬಗೆಯದು. ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಅವರವರ ತಪ್ಪಿನ ಪಟ್ಟಿ ಅವರೇ ಬರೆದಿಟ್ಟುಕೊಂಡು, ಮುಂದಿನ ಸಲ ಒಪ್ಪಿಸುವ ಮೊದಲು ಆ ಪಟ್ಟಿ ಹಿಡಿದು ನೋಡಲಿ.

ಶಿಕ್ಷಕರ ತಿದ್ದುವಿಕೆಗೆ ಒಂದು ಮಿತಿ ಬೇಕು. 40 ನೋಟ್‌ಬುಕ್‌ಗಳನ್ನು ಪೂರ್ತಿ ಕೆಂಪು ಮಾಡಲು ಹೋದರೆ ಎರಡನೇ ಪ್ರಬಂಧ ಬರೆಸುವ ಉತ್ಸಾಹವೇ ಉಳಿಯುವುದಿಲ್ಲ, ಪುಟವಿಡೀ ಕೆಂಪಾದದ್ದನ್ನು ಕಂಡ ಮಗು ಅಂಕ ಮಾತ್ರ ನೋಡಿ ಮುಚ್ಚಿಡುತ್ತದೆ. ಒಂದಕ್ಕೆ 3 ನಿಮಿಷದಂತೆ ಎರಡು ಗಂಟೆಯಲ್ಲಿ ಮುಗಿಸಬಹುದು: ಚೆನ್ನಾಗಿ ಬಂದ ಒಂದು ವಾಕ್ಯಕ್ಕೆ ಅಡಿಗೆರೆ, ಉತ್ತರಿಸದೆ ಬಿಟ್ಟ ಒಂದು ಪ್ರಶ್ನೆ ಅಂಚಿನಲ್ಲಿ, ಮತ್ತೆ ಮತ್ತೆ ಬಂದ ಒಂದು ಬಗೆಯ ತಪ್ಪಿಗೆ ಗುರುತು. 20 ಅಂಕಕ್ಕೆ ಹಂಚುವುದಾದರೆ ಮಾಹಿತಿಗೆ 6, ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂಬುದಕ್ಕೆ 5, ಪ್ಯಾರಾಗಳ ಜೋಡಣೆಗೆ 4, ವಾಕ್ಯರಚನೆಗೆ 3, ಕಾಗುಣಿತಕ್ಕೆ 2. ಈ ಹಂಚಿಕೆಯನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆಯಿರಿ. ಅಕ್ಷರ ದುಂಡಗಿದೆ ಎಂದು ಅಂಕ ಕೊಡುವುದು ಬೇಡ.

ಪರೀಕ್ಷೆಯ ಹಾಲ್‌ನಲ್ಲಿ

ಪರೀಕ್ಷೆಯಲ್ಲಿ ಚೀಟಿಗಳಿಲ್ಲ, ನೀರುಗಂಟಿಯೂ ಇಲ್ಲ, ವಿಷಯ ಮತ್ತೆ 'ಗ್ರಂಥಾಲಯಗಳ ಮಹತ್ವ' ಎಂದೇ ಬರುತ್ತದೆ. ಅದಕ್ಕೆ 20 ನಿಮಿಷದ ಅಭ್ಯಾಸ ಬೇರೆಯಾಗಿ ಮಾಡಿಸಬೇಕು. ಮೊದಲ 4 ನಿಮಿಷ ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ವಿಷಯವನ್ನು ಪ್ರಶ್ನೆ ಮಾಡಿಕೊಂಡು ('ಊರಿನಲ್ಲಿ ಗ್ರಂಥಾಲಯ ಇದ್ದರೆ ಯಾರ್ಯಾರಿಗೆ ಏನೇನು ಸಿಗುತ್ತದೆ?') ಆರು ಸಂಗತಿ ಗೀಚಿಕೊಳ್ಳುವುದು: ಕೆಲಸಕ್ಕೆ ಅರ್ಜಿ ಹಾಕುವ ಅಣ್ಣನಿಗೆ ಪತ್ರಿಕೆ, ಅಜ್ಜನಿಗೆ ದಿನದ ಸುದ್ದಿ, ಕೊಳ್ಳಲಾಗದ ಪುಸ್ತಕ ಮಕ್ಕಳಿಗೆ. ಅದರ ಕೆಳಗೆ ತಿರುಳು ವಾಕ್ಯ. 13 ನಿಮಿಷ ಬರೆಯುವುದು, ಉಳಿದ 3 ನಿಮಿಷ ತಮ್ಮ ತಪ್ಪಿನ ಪಟ್ಟಿಯನ್ನು ನೆನೆಸಿಕೊಂಡು ಓದುವುದು.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಉಪಶೀರ್ಷಿಕೆಗಳನ್ನು ಮೌಲ್ಯಮಾಪಕರು ಹುಡುಕುತ್ತಾರೆ, ಆದ್ದರಿಂದ ಪರೀಕ್ಷೆಯಲ್ಲಿ ಅವು ಇರಲಿ. ಅಲ್ಲಿ ಪೀಠಿಕೆಯನ್ನು ಮೊದಲೇ ಬರೆಯಬೇಕಾಗುತ್ತದೆ, ಆದರೆ ತಿರುಳು ವಾಕ್ಯ ಕೈಯಲ್ಲಿರುವುದರಿಂದ ಆರಂಭಕ್ಕೆ ತಡಕಾಡುವುದು ತಪ್ಪುತ್ತದೆ. ಗೀಚಿದ ಟಿಪ್ಪಣಿಗೆ ಕೊನೆಯಲ್ಲಿ ಒಂದು ಗೆರೆ ಎಳೆದು 'ಕಚ್ಚಾ ಕೆಲಸ' ಎಂದು ಬರೆಯಲು ನೆನಪಿಸಿ.